ಆರಿದ್ದಲ್ಲ, ಮರೆಯಾದದ್ದು

‘ನಕ್ಷತ್ರ ಆರಿಹೋಗಿ ಮತ್ತೆ ಹೊತ್ತಿಕೊಳ್ಳುವುದುಂಟೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಹರ್ಕ್ಯುಲಿಸ್ ಎಕ್ಸ್-1 ಎಂಬ ಜೋಡಿಯ ಎಕ್ಸ್-ರೇ ದಾಖಲೆ ನೋಡಿದ ಯಾರಿಗಾದರೂ ಈ ಅನುಮಾನ ಬರಬೇಕಾದದ್ದೇ.

1970ರ ಡಿಸೆಂಬರಿನಲ್ಲಿ ಕೀನ್ಯಾ ಕರಾವಳಿಯಿಂದ ಹಾರಿದ ಉಹುರು ಉಪಗ್ರಹ ಪತ್ತೆಹಚ್ಚಿದ ಜೋಡಿ ಇದು. ಒಂದು ಪುಟ್ಟ, ಅತಿ ದಟ್ಟ ನ್ಯೂಟ್ರಾನ್ ನಕ್ಷತ್ರ, ಇನ್ನೊಂದು ಸೂರ್ಯನ ಎರಡರಷ್ಟು ತೂಕದ ಸಾಧಾರಣ ನಕ್ಷತ್ರ. ದೊಡ್ಡದರಿಂದ ಸೋರಿದ ಅನಿಲ ತಟ್ಟೆಯಾಗಿ ಸುತ್ತುತ್ತ ಚಿಕ್ಕದರ ಮೇಲೆ ಬೀಳುವಾಗ ಎಕ್ಸ್-ರೇ ಹೊಮ್ಮುತ್ತದೆ. 1.24 ಸೆಕೆಂಡಿಗೊಂದು ಮಿಡಿತ, 1.7 ದಿನಕ್ಕೊಂದು ಸುತ್ತು, ಸುತ್ತಿಗೊಂದು ಐದಾರು ಗಂಟೆಯ ಗ್ರಹಣ. ಗ್ರಹಣವೆಂದರೆ ಮಾಡಿದ ಅಡುಗೆ ಚೆಲ್ಲಿ, ನೀರಿಗೆ ದರ್ಭೆ ಹಾಕುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರನ್ನು ಅಲ್ಲಿ ಬಿಟ್ಟರೆ ವಾರಕ್ಕೆ ನಾಲ್ಕು ಉಪವಾಸ! ಒಂದಕ್ಕೊಂದು ಅಡ್ಡ ಬಂದ ಮಾತ್ರಕ್ಕೆ ಅನ್ನ ಏಕೆ ಹಳಸಬೇಕು?

ಮಿಡಿತ, ಸುತ್ತು ಎಂಬ ಎರಡು ಲಯಗಳ ಮೇಲೆ ಮೂರನೆಯದೊಂದಿದೆ, ಸುಮಾರು 35 ದಿನಗಳದ್ದು. ಹತ್ತು ದಿನ ಪ್ರಖರ ಎಕ್ಸ್-ರೇ, ಆಮೇಲೆ ಮಂಕು, ನಡುವೆ ಕೆಲವು ದಿನ ಅರೆಬರೆ ಹೊಳಪು, ಮತ್ತೆ ಮಂಕು. ಹಾಗಾದರೆ ನ್ಯೂಟ್ರಾನ್ ನಕ್ಷತ್ರ ತಿಂಗಳಿಗೊಮ್ಮೆ ಆರುತ್ತದೆಯೇ?

ಇಲ್ಲ. ಇದಕ್ಕೆ ಸಾಕ್ಷಿ ಹೇಳುವುದು ಪಕ್ಕದ ನಕ್ಷತ್ರ. ಜರ್ಮನಿಯ ಕುನೊ ಹಾಫ್‌ಮೈಸ್ಟರ್ 1936ರಲ್ಲೇ ಅದನ್ನು ಬೆಳಕು ಬದಲಿಸುವ ನಕ್ಷತ್ರವೆಂದು ಗುರುತಿಸಿದ್ದರು. ಕಾರಣ ತಿಳಿಯಲು 1972 ಬರಬೇಕಾಯಿತು. ಎಕ್ಸ್-ರೇ ಬಡಿಯುವ ಅದರ ಒಂದು ಮಗ್ಗುಲು ಹಲವು ಸಾವಿರ ಡಿಗ್ರಿ ಹೆಚ್ಚು ಕಾದಿರುತ್ತದೆ. ಆ ಮಗ್ಗುಲು ನಮ್ಮತ್ತ ತಿರುಗಿದಾಗ ನಕ್ಷತ್ರ ಮೂರು-ನಾಲ್ಕು ಪಟ್ಟು ಬೆಳಗುತ್ತದೆ. ನಮಗೆ ಎಕ್ಸ್-ರೇ ಕಾಣದ ದಿನಗಳಲ್ಲೂ ಈ ಏರಿಳಿತ ನಿಲ್ಲುವುದಿಲ್ಲ! ಅಂದರೆ ಶಾಖ ಬರುತ್ತಲೇ ಇದೆ, ನಮ್ಮ ದಿಕ್ಕಿಗೆ ಮಾತ್ರ ಏನೋ ಅಡ್ಡ ನಿಂತಿದೆ.

ಅಡ್ಡ ನಿಂತದ್ದು ಅನಿಲದ ತಟ್ಟೆಯೇ. ಬಿಸಿಲಿಗೆ ಹಾಕಿದ ಹಪ್ಪಳದಂತೆ ಅದು ಸೊಟ್ಟಗಾಗಿದೆ. ಸೊಟ್ಟ ತಟ್ಟೆ ನಿಧಾನವಾಗಿ ಓಲಾಡುತ್ತ 35 ದಿನಕ್ಕೊಮ್ಮೆ ಸುತ್ತು ಮುಗಿಸುವಾಗ, ಅದರ ಎದ್ದ ಅಂಚು ನ್ಯೂಟ್ರಾನ್ ನಕ್ಷತ್ರವನ್ನು ಮರೆಮಾಡುತ್ತದೆ. 1983ರಲ್ಲಿ ಎಕ್ಸ್-ರೇ ತಿಂಗಳುಗಟ್ಟಲೆ ಕಾಣೆಯಾದಾಗಲೂ ಕಾದ ಮಗ್ಗುಲು ಎಂದಿನಂತೆ ಹೊಳೆಯುತ್ತಿತ್ತು. ತಟ್ಟೆಯ ಸೊಟ್ಟು ಬದಲಾಗಿ ಮರೆ ದೀರ್ಘವಾಗಿತ್ತು, ಅಷ್ಟೆ. ತಟ್ಟೆ ಹೀಗೆ ಗಡಿಯಾರದಂತೆ ಓಲಾಡುವುದೇಕೆ? 2022ರಲ್ಲಿ ಐಎಕ್ಸ್‌ಪಿಇ ಉಪಗ್ರಹ ಎಕ್ಸ್-ರೇ ಧ್ರುವೀಕರಣ (ಅಲೆಗಳು ಕಂಪಿಸುವ ದಿಕ್ಕು) ಅಳೆದಾಗ, ನ್ಯೂಟ್ರಾನ್ ನಕ್ಷತ್ರವೂ ಓಲಾಡುತ್ತಿರುವ, ತಟ್ಟೆಯ ಲಯ ಅದರಿಂದಲೇ ಬಂದಿರಬಹುದಾದ ಸುಳಿವು ಸಿಕ್ಕಿತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಪೋಲಿಕ್ಸ್ ಉಪಕರಣ 2024ರ ಜನವರಿ 1ರಂದು ಎಕ್ಸ್‌ಪೋಸ್ಯಾಟ್ ಉಪಗ್ರಹ ಏರಿ ಹೋದದ್ದು ಇಂಥದೇ ಅಳತೆಗೆ.

ಇನ್ನು ಓದುಗರ ಪ್ರಶ್ನೆಗೆ ‘ಹೌದು’ ಎನ್ನುವ ಸಂದರ್ಭವೂ ಇದೆ. ಹಾರ್ವರ್ಡ್ ವೀಕ್ಷಣಾಲಯದ ಹಳೆಯ ಗಾಜಿನ ಛಾಯಾಚಿತ್ರ ಫಲಕಗಳಲ್ಲಿ ಈ ಜೋಡಿಯನ್ನು ಹುಡುಕಿದವರಿಗೆ, ಕೆಲವು ಅವಧಿಗಳಲ್ಲಿ ವರ್ಷಗಟ್ಟಲೆ ಬೆಳಕಿನ ಆ ಏರಿಳಿತವೇ ಇಲ್ಲದ್ದು ಕಂಡಿತು. ಆಗ ಪಕ್ಕದ ನಕ್ಷತ್ರಕ್ಕೂ ಶಾಖ ತಲುಪುತ್ತಿರಲಿಲ್ಲ. ಎಕ್ಸ್-ರೇ ಹೊಮ್ಮುವುದೇ ನಿಂತಿರಬೇಕು. ಉಪಗ್ರಹಗಳ ಈ ಕಾಲದಲ್ಲಿ ನೆಲದ ದೂರದರ್ಶಕದಿಂದೇನು ಪ್ರಯೋಜನ ಎಂದು ಕೇಳುವವರಿಗೆ ನನ್ನ ಉತ್ತರ ಇದೇ: ಆರಿದ್ದೋ ಮರೆಯಾದದ್ದೋ ಎಂದು ಎಕ್ಸ್-ರೇ ಉಪಗ್ರಹ ಒಂದೇ ಹೇಳಲಾರದು. ಅದಕ್ಕೆ ಮಾಮೂಲಿ ಬೆಳಕೇ ಬೇಕು.