ಹದಿನಾಲ್ಕು ಸೋಲಿನ ಲೆಕ್ಕ

ಅಮೆರಿಕದವರ ಫುಟ್‌ಬಾಲ್‌ನಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಚೆಂಡು ಸಿಕ್ಕ ತಂಡಕ್ಕೆ 4 ಅವಕಾಶ. ಅಷ್ಟರಲ್ಲಿ 10 ಗಜ ಮುಂದೆ ಹೋದರೆ ಮತ್ತೆ 4. ಇಷ್ಟು ತಿಳಿದರೆ ಸಾಕು, ಬಿಲ್ ವಾಲ್ಷ್ ಎಂಬ ಕೋಚ್ ಮಾಡಿದ್ದೇನು ಅಂತ ಅರ್ಥವಾಗುತ್ತದೆ.

1978ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ ತಂಡ 16 ಪಂದ್ಯಗಳಲ್ಲಿ ಗೆದ್ದದ್ದು ಎರಡೇ. 1979ರಲ್ಲಿ ವಾಲ್ಷ್ ಬಂದರು. ಆ ವರ್ಷವೂ ಎರಡೇ! ಕೋಚ್ ಬದಲಾಗಿ ಬಂದ ಭಾಗ್ಯವೇನು ಅಂತ ನೀವು ಕೇಳಬಹುದು. ನಾನು ಹೇಳೋದು, ಅಂಕಪಟ್ಟಿ ಬಿಟ್ಟು ಆಟ ನೋಡಿ. ಚೆಂಡು ಅವುಚಿಕೊಂಡು ಎದುರಾಳಿಗಳ ಗುಂಪಿಗೆ ನುಗ್ಗುವುದು ಹಳೆಯ ದಾರಿ. ವಾಲ್ಷ್ ಅದರ ಬದಲು ಸಣ್ಣ ಸಣ್ಣ ಎಸೆತಗಳನ್ನು ಪೋಣಿಸಿದರು. ಎಸೆಯುವವನಿಗೆ ತೋಳ್ಬಲಕ್ಕಿಂತ, ಯಾರು ಯಾವ ಕ್ಷಣಕ್ಕೆ ಎಲ್ಲಿರುತ್ತಾರೆ ಎಂಬುದು ಬಾಯಿಪಾಠವಾಗಿರಬೇಕು. ಆ ವರ್ಷ ಸ್ಟೀವ್ ಡಿಬರ್ಗ್ 347 ಎಸೆತಗಳನ್ನು ಜೊತೆಗಾರರ ಕೈಗೆ ಮುಟ್ಟಿಸಿದರು. ಲೀಗಿಗೇ ಅದು ಆಗ ದಾಖಲೆ. ಹೊಸಬ ಜೋ ಮೊಂಟಾನಾ ಹೆಚ್ಚಾಗಿ ಹೊರಗೆ ಕೂತು ಕಲಿಯುತ್ತಿದ್ದರು.

1980ರಲ್ಲಿ 6 ಗೆಲುವು, 1981ರಲ್ಲಿ 13. ಆ ಹೊತ್ತಿಗೆ ಎಸೆತದ ಹೊಣೆ ಮೊಂಟಾನಾರದು. 1982ರ ಜನವರಿಯಲ್ಲಿ ಸಿನ್ಸಿನಾಟಿಯನ್ನು 26–21ರಿಂದ ಸೋಲಿಸಿ ಸೂಪರ್ ಬೌಲ್ ಗೆದ್ದರು. ಸಿನ್ಸಿನಾಟಿ ಎಂದರೆ ವಾಲ್ಷ್ 8 ವರ್ಷ ಸಹಾಯಕರಾಗಿ ದುಡಿದೂ ಮುಖ್ಯ ಕೋಚ್ ಆಗಲಾರದೆ ಬಿಟ್ಟುಬಂದ ತಂಡ.

ಮೊದಲ ವರ್ಷದ ಮಾರ್ಕ್ಸ್ ನೋಡಿಯೇ ಅವರನ್ನು ಮನೆಗೆ ಕಳಿಸಿದ್ದರೆ ಈ ಗೆಲುವು ಎಲ್ಲಿಂದ ಬರುತ್ತಿತ್ತು, ನೀವೇ ಹೇಳಿ.