ಆರು ಮನೆಗಳ ಪರಮಾಣು

ತಾಂಡೂರಿನ ಹಾಸುಗಲ್ಲು ಸುಣ್ಣಕಲ್ಲಿನ ಜಾತಿ. ಅದರ ಒಡಲಲ್ಲಿ ಕಾರ್ಬನ್ ಇದೆ. ಜಹೀರಾಬಾದ್, ನಾರಾಯಣಖೇಡದ ಹೊಲಗಳ ಮಣ್ಣಿನ ತುಂಬ ಸಿಲಿಕಾನ್. ಬೀದರಿನ ಗಡಿ ದಾಟಿದ ಮೇಲೂ ಕನ್ನಡ ಕಿವಿಗೆ ಬೀಳುವ ಈ ಸೀಮೆಯಲ್ಲಿ ಎರಡೂ ಕಾಲಡಿಯಲ್ಲೇ ಬಿದ್ದಿವೆ, ಯಾರೂ ತಿರುಗಿ ನೋಡುವುದಿಲ್ಲ. ಆದರೆ ಇವೆರಡೂ ಒಂದೇ ಹರಳಿನೊಳಗೆ ಎದುರಾದಾಗ ಏನಾಗುತ್ತದೆ ಗೊತ್ತೇ? ಕೇಳಿದರೆ ಮೈ ಜುಮ್ಮೆನ್ನುತ್ತದೆ!

ಚಿಪ್‌ಗಾಗಿ ಬೆಳೆಸಿದ ಸಿಲಿಕಾನ್ ಹರಳಿನಲ್ಲಿ ಪ್ರತಿ ಪರಮಾಣುವಿಗೂ ನಾಲ್ಕು ನೆರೆಯವರು, 0.235 ನ್ಯಾನೊಮೀಟರ್ ದೂರದಲ್ಲಿ. ಅಲ್ಲೊಂದು ಕಾರ್ಬನ್ ನುಸುಳಿ ಸಿಲಿಕಾನಿನ ಜಾಗ ಹಿಡಿಯಿತೆನ್ನಿ. ಗಾತ್ರ ಸಣ್ಣದು, ಹಿಡಿತ ಬಿಗಿ. ನಾಲ್ವರನ್ನೂ ತನ್ನತ್ತ ಎಳೆದುಕೊಳ್ಳುತ್ತದೆ. ಚಿಪ್ ಮಾಡುವವರಿಗೆ ಇದು ಐಬು. ಈಗ ಹರಳಿಗೆ ಎಲೆಕ್ಟ್ರಾನ್‌ಗಳ ಏಟು ಕೊಡಿ. ಕಿತ್ತುಬಂದ ಸಿಲಿಕಾನೊಂದು ಕಾರ್ಬನ್ನನ್ನು ಅದರ ಜಾಗದಿಂದ ಎಬ್ಬಿಸುತ್ತದೆ. ಎದ್ದ ಕಾರ್ಬನ್ ಅಲೆದಲೆದು ಇನ್ನೊಂದು ಕಾರ್ಬನ್ನನ್ನು ಸೇರುತ್ತದೆ. ಎರಡು ಕಾರ್ಬನ್, ನಡುವೆ ಒಂದು ಸಿಲಿಕಾನ್: ಇದೇ ಜಿ-ಕೇಂದ್ರ. ಬೆಳಕು ಸೂಸುವುದರಲ್ಲಿ ಮಹಾ ಸೋಮಾರಿಯಾದ ಸಿಲಿಕಾನಿನೊಳಗೆ ಈ ಐಬು ಹೊಳೆಯುತ್ತದೆ! ಸುಮಾರು 1278 ನ್ಯಾನೊಮೀಟರ್ ತರಂಗಾಂತರ. ಕಣ್ಣಿಗೆ ಕಾಣದು, ಆಪ್ಟಿಕಲ್ ಫೈಬರಿಗೆ ಮಾತ್ರ ಹೇಳಿಮಾಡಿಸಿದ್ದು.

ಮೂರೇ ಪರಮಾಣುಗಳ ಈ ಸಂಸಾರ ಒಳಗೆ ಹೇಗಿದೆಯೆಂದು ತಿಳಿಯಲು ಕಂಪ್ಯೂಟರ್ ಬೇಕು. 512 ಪರಮಾಣುಗಳ ಪುಟ್ಟ ಹರಳನ್ನು ಅದರೊಳಗೆ ಕಟ್ಟುತ್ತಾರೆ. ಹೊರಕವಚದ ಎಲೆಕ್ಟ್ರಾನ್‌ಗಳೇ 2048! ಒಂದೊಂದಕ್ಕೂ ಮೂರು ನಿರ್ದೇಶಾಂಕವೆಂದರೆ 6144. ಯಾವ ಯಂತ್ರವೂ ಇದನ್ನು ನೇರವಾಗಿ ಬಿಡಿಸಲಾರದು. ಆದರೆ 1964ರಲ್ಲಿ ಹೋಹೆನ್‌ಬರ್ಗ್ ಮತ್ತು ಕೋನ್ ಸಾಧಿಸಿ ತೋರಿಸಿದ್ದನ್ನು ನೋಡಿ: ಎಲೆಕ್ಟ್ರಾನ್‌ಗಳು ಎಲ್ಲೆಲ್ಲಿ ಎಷ್ಟು ದಟ್ಟವಾಗಿವೆ ಎಂಬುದೊಂದು ಗೊತ್ತಾದರೆ ಸಾಕು, ಅವುಗಳ ಕನಿಷ್ಠ ಶಕ್ತಿಯ ಸ್ಥಿತಿ ಪೂರ್ತಿ ನಿರ್ಧಾರವಾಗುತ್ತದೆ. ಆ ದಟ್ಟಣೆಗೆ ಬೇಕಾದದ್ದು ಜಾಗ ಹೇಳುವ ಮೂರೇ ನಿರ್ದೇಶಾಂಕ. ಆರು ಸಾವಿರದಿಂದ ಮೂರಕ್ಕೆ! ಕೋನ್‌ಗೆ 1998ರ ನೊಬೆಲ್ ಬಂತು, ಅದೂ ರಸಾಯನಶಾಸ್ತ್ರಕ್ಕೆ, ಮನುಷ್ಯ ಭೌತವಿಜ್ಞಾನಿ.

ಇಂಥ ಲೆಕ್ಕಕ್ಕೆ ಒಗ್ಗುವ ಯಂತ್ರವೊಂದು ಇಲ್ಲೇ ಇದೆ. ಜಹೀರಾಬಾದ್, ನಾರಾಯಣಖೇಡ ಸೇರಿರುವ ಸಂಗಾರೆಡ್ಡಿ ಜಿಲ್ಲೆಯಲ್ಲೇ, ಕಂದಿಯಲ್ಲಿರುವ ಐಐಟಿ ಹೈದರಾಬಾದಿನ ಪರಮ್ ಸೇವಾ. ಅದರ ಗರಿಷ್ಠ ಸಾಮರ್ಥ್ಯ 838 ಟೆರಾಫ್ಲಾಪ್, ಅಂದರೆ ಸೆಕೆಂಡಿಗೆ 838 ಲಕ್ಷ ಕೋಟಿ ಲೆಕ್ಕ!

2021ರಲ್ಲಿ ಬುಡಾಪೆಸ್ಟಿನ ಆಡಮ್ ಗಾಲಿ ಮತ್ತು ಸಂಗಡಿಗರು ಜಿ-ಕೇಂದ್ರವನ್ನು ಲೆಕ್ಕ ಹಾಕಿ ನೋಡಿದರು. ನಡುವಿನ ಸಿಲಿಕಾನ್ ಸುಮ್ಮನೆ ಕೂತಿಲ್ಲ! ಎರಡು ಕಾರ್ಬನ್‌ಗಳನ್ನು ಸೇರಿಸುವ ಗೆರೆಯ ಸುತ್ತ ಅದಕ್ಕೆ ಆರು ಸಮಾನ ಸ್ಥಾನಗಳು. ಚೌಕಾಬಾರದ ಕಾಯಿಯ ಹಾಗೆ ಮನೆಯಿಂದ ಮನೆಗೆ ನಡೆಯುತ್ತದೆ. ಬಿಸಿ ತಗಲಬೇಕೆಂದಿಲ್ಲ, ಕೊರೆಯುವ ಚಳಿಯಲ್ಲೂ ಈ ಸುತ್ತು ನಿಲ್ಲದು. ಪ್ರಯೋಗಾಲಯದವರು ಆ ಬೆಳಕಿನಲ್ಲಿ ಕಂಡಿದ್ದ ನವಿರಾದ ಸೀಳುಗೆರೆಗಳಿಗೆ ಇದೇ ಕಾರಣ.

ಇನ್ನು ಇಂಥದೇ ಇನ್ನೊಂದು ಐಬು, ಟಿ-ಕೇಂದ್ರ. ಒಂದೇ ಸಿಲಿಕಾನ್ ಇರಬೇಕಾದ ಜಾಗದಲ್ಲಿ ಎರಡು ಕಾರ್ಬನ್, ಜೊತೆಗೊಂದು ಹೈಡ್ರೋಜನ್. 2022ರಲ್ಲಿ ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದವರು ಚಿಪ್‌ನೊಳಗೆ ಒಂಟಿ ಟಿ-ಕೇಂದ್ರಗಳನ್ನು ಅವುಗಳ ಬೆಳಕಿನಿಂದಲೇ ಪತ್ತೆಹಚ್ಚಿದರು. ಅವುಗಳಲ್ಲಿ ಕ್ವಾಂಟಮ್ ಮಾಹಿತಿಯನ್ನು ಇಟ್ಟು, ಫೈಬರಿನಲ್ಲಿ ದೂರಕ್ಕೆ ಕಳಿಸುವ ಯತ್ನ ಈಗ ನಡೆದಿದೆ.