ಏರಲಾಗದ ಆಸರೆ

ಒಡಿಶಾದ ಕಡಲ ತಡಿಯಲ್ಲಿ ಸಂಚರಿಸಿದವರು ಕಂಬಗಳ ಮೇಲೆ ನಿಂತ ಕಾಂಕ್ರೀಟ್ ಕಟ್ಟಡಗಳನ್ನು ಕಂಡಿರಬಹುದು. 1999ರ ಅಕ್ಟೋಬರ್ 29ರಂದು ಅಪ್ಪಳಿಸಿದ ಮಹಾ ಚಂಡಮಾರುತ ಸುಮಾರು ಹತ್ತು ಸಾವಿರ ಜನರನ್ನು ಬಲಿ ತೆಗೆದುಕೊಂಡ ತರುವಾಯ ಇಂಥ ಆಶ್ರಯಧಾಮಗಳು ಅಲ್ಲಿ ಬಹುವಾಗಿ ಹೆಚ್ಚಿದವು. ಅವುಗಳ ಕೆಳ ಅಂತಸ್ತನ್ನು ಬೇಕೆಂದೇ ಬರಿದಾಗಿ ಬಿಟ್ಟಿರುತ್ತಾರೆ. ಉಕ್ಕಿ ಬಂದ ಕಡಲು ಕಂಬಗಳ ನಡುವೆ ಹಾದುಹೋಗಬೇಕು, ಜನ ಮೇಲೆ ಕ್ಷೇಮವಾಗಿರಬೇಕು. 2013ರಲ್ಲಿ ಫೈಲಿನ್ ಚಂಡಮಾರುತ ಬಂದಾಗ ಲಕ್ಷಗಟ್ಟಲೆ ಜನರನ್ನು ಮೊದಲೇ ತೆರವುಗೊಳಿಸಿದುದರಿಂದ ಪ್ರಾಣಹಾನಿ ಬಹಳ ತಗ್ಗಿತು.

ಆದರೆ ನೀರಿನಿಂದ ಕಾಪಾಡುವ ಆ ಎತ್ತರವೇ ನಡೆಯಲಾರದವರಿಗೆ ತಡೆಗೋಡೆಯಾಗುತ್ತದೆ. ಗಾಲಿಕುರ್ಚಿ ಸರಾಗವಾಗಿ ಏರಬೇಕಾದರೆ ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕೆಂಬುದು ಕಟ್ಟಡಶಾಸ್ತ್ರದ ಲೆಕ್ಕ. ಹತ್ತಡಿ ಎತ್ತರದ ಅಂತಸ್ತಿಗೆ ನೂರಿಪ್ಪತ್ತು ಅಡಿಯಾಯಿತು. ನಡುನಡುವೆ ನಿಂತು ದಣಿವಾರಿಸಿಕೊಳ್ಳುವ ಸಮತಟ್ಟು ಬೇರೆ. ಇದು ಖರ್ಚಿನ ಬಾಬೇ ಸರಿ. ಆದರೂ ಮೆಟ್ಟಿಲ ಬುಡದಲ್ಲಿ ಒಬ್ಬನನ್ನು ಹೊತ್ತೇರಿಸಲು ನಾಲ್ವರು ನಿಂತರೆ ಹಿಂದಿನ ಜನಸಂದಣಿಯೆಲ್ಲ ಗಾಳಿಮಳೆಯಲ್ಲಿ ಕಾಯಬೇಕಾಗುತ್ತದೆಂಬುದನ್ನು ಮರೆಯಬಾರದು. ಮುದುಕರಿಗೂ ಬಸುರಿಯರಿಗೂ ಅದೇ ಇಳಿಜಾರು ಉಪಕಾರಿ. ಈಚಿನ ಆಶ್ರಯಧಾಮಗಳ ನಕ್ಷೆಯಲ್ಲಿ ಅದಕ್ಕೆ ಸ್ಥಾನ ದೊರೆತಿರುವುದು ಸಮಾಧಾನದ ಸಂಗತಿ.

ಇಳಿಜಾರು ಕಟ್ಟಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಧ್ವನಿವರ್ಧಕದ ಕೂಗು, ಆಕಾಶವಾಣಿಯ ಪ್ರಕಟಣೆ, ಅಷ್ಟೇಕೆ, ನಾನೀಗ ಆಡುತ್ತಿರುವ ಮಾತು ಕೂಡ, ಕಿವಿ ಕೇಳದವರ ಪಾಲಿಗೆ ಇಲ್ಲದಂತೆಯೇ. ಅವರ ಬಾಗಿಲಿಗೆ ಯಾರಾದರೂ ಹೋಗಿ ತಿಳಿಸಬೇಕು. ಕಣ್ಣು ಕಾಣದವರಿಗೆ ಗೋಡೆಯುದ್ದಕ್ಕೂ ಕಟ್ಟಿದ ಒಂದು ಹಗ್ಗವೇ ದಾರಿದೀಪವಾದೀತು. ಇನ್ನು ಶೌಚಾಲಯ: 2019ರ ಆಗಸ್ಟಿನಲ್ಲಿ ಕೃಷ್ಣಾ, ಮಲಪ್ರಭಾ ನದಿಗಳು ಉಕ್ಕಿದಾಗ ನಮ್ಮ ಉತ್ತರ ಕರ್ನಾಟಕದಲ್ಲಿ ಶಾಲೆಗಳೇ ಪರಿಹಾರ ಕೇಂದ್ರಗಳಾದವು. ಶಾಲೆಯ ಶೌಚಾಲಯವಾದರೋ ಬಹುಮಟ್ಟಿಗೆ ಅಂಗಳದ ಆಚೆಗೆ, ಎತ್ತರದ ಹೊಸ್ತಿಲು, ಕಿರಿದಾದ ಬಾಗಿಲು. ಕೆಸರು ದಾಟಿ ಅಲ್ಲಿಗೆ ಹೋಗಲಾರದವರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಪ್ರವಾಹದಿಂದ ಪಾರಾದವರು ಹೀಗೆ ಆಶ್ರಯದಲ್ಲಿ ಕಾಯಿಲೆ ಬೀಳುತ್ತಾರೆ.

2011ರ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿಯಲ್ಲಿ ಜಪಾನಿನ ಅಂಗವಿಕಲರ ಮರಣ ಪ್ರಮಾಣ ಇತರರದಕ್ಕಿಂತ ಸುಮಾರು ಇಮ್ಮಡಿಯಾಗಿತ್ತು. ನೆರವು ಬೇಕಾದವರ ಪಟ್ಟಿಯನ್ನು ಸ್ಥಳೀಯ ಆಡಳಿತಗಳು ಸಿದ್ಧಪಡಿಸಲೇಬೇಕೆಂದು ಆ ದೇಶ 2013ರಲ್ಲಿ ಕಾನೂನು ತಿದ್ದಿತು. ನಮ್ಮಲ್ಲೂ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 8ನೆಯ ಪ್ರಕರಣ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಇಂಥದೇ ದಾಖಲೆಯನ್ನು ಇಡುವ ಹೊಣೆ ಹೊರಿಸಿದೆ.

ಜಿಲ್ಲಾ ಕಚೇರಿಯ ಬೀರುವಿನಲ್ಲಿ ಬೀಗ ಹಾಕಿಟ್ಟ ಪಟ್ಟಿಯಿಂದ ಪ್ರಯೋಜನ ಕಡಿಮೆ. ಅದರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿರಬೇಕು. ಪ್ರತಿ ಹೆಸರಿನ ಎದುರಿಗೆ ಆ ಮನೆಗೆ ಮೊದಲು ಓಡಬೇಕಾದ ನೆರೆಯವರ ಹೆಸರೂ ಇರಬೇಕು. ಅವರು ಊರಲ್ಲಿಲ್ಲದಿದ್ದರೆ ಓಡುವ ಎರಡನೆಯವರದೂ.